ಹಂಚಲು ಮರೆತ ಮಾಳಿಗೆ

೨೦೨೫ರ ಮೇ ೧೭, ಶನಿವಾರ. ಸಿಂದಗಿಯ ಜೋಡುಕಂಬದ ಓಣಿಯ ಒಂದು ಸಾಲಿನಲ್ಲಿ ಮನೆಗಳು ಹನ್ನೊಂದು. ಅವುಗಳ ಸಪಾಟು ಚಾವಣಿಗಳಾದ ಮಣ್ಣಿನ ಮಾಳಿಗೆಗಳಲ್ಲಿ ಬೆಳಕಿಂಡಿಗಳು ಮೂವತ್ತೊಂದು. ಮೂಡಣ ಇನ್ನೂ ಕೆಂಪಾಗಿಲ್ಲ. ಮೊದಲ ಮನೆಯ ಗೋಡೆಗೆ ಆನಿಸಿದ ನಿಚ್ಚಣಿಕೆಯನ್ನು ಏರಿದ ರಮಜಾನಬಿ, ಸೆರಗನ್ನು ಸೊಂಟಕ್ಕೆ ಬಿಗಿದು, ಮಾಳಿಗೆಯ ಅಂಚಿನಲ್ಲಿ ನಿಂತು ಕೂಗುತ್ತಾರೆ:

"ಮ್ಯಾಲ ಬಂದೇನ್ರೇ ಯವ್ವಾ... ಗಡಿಗಿ ಮುಚ್ಚಿಕೊಳ್ಳ್ರೇ!"

ಮಾಳಿಗೆಯ ಮೇಲೆ ಕಾಲಿಟ್ಟರೆ ಜಂತೆಯ ಸಂದಿಯಿಂದ ಕೆಳಗೆ ಮಣ್ಣು ಉದುರುತ್ತದೆ. ಉದುರಿದ್ದು ಹಾಲಿಗೆ ಬೀಳಬಾರದು, ನಾದಿದ ಹಿಟ್ಟಿಗೆ ಬೀಳಬಾರದು. ಅದಕ್ಕಾಗಿ ಈ ಕೂಗು. ಕೂಗಿದ ಮರುಗಳಿಗೆಯಲ್ಲಿ ಕಿಂಡಿಗಳೊಳಗಿಂದ ಪಾತ್ರೆ ಮುಚ್ಚುವ ಸದ್ದು ಏಳುತ್ತದೆ. ಮೊದಲ ಮನೆಯ ಗುರುಲಿಂಗಪ್ಪನವರಿಂದ ಹಿತ್ತಾಳೆಯ ಭಾರದ ಸದ್ದು. ಮುಂದಿನ ಮನೆಗಳಿಂದ ಸ್ಟೀಲಿನ ಕಿಣಿಕಿಣಿ. ಹನ್ನೊಂದನೆಯ ಮನೆಯ ಚನ್ನವ್ವನಿಂದ ಮಾತ್ರ ಸದ್ದಿಗೆ ಬದಲಾಗಿ ಒಂದು ಮಾತು:

"ಮುಚ್ಚೇನಿ ಬಾ ನಮ್ಮವ್ವಾ! ನಿನ್ನ ದನಿಗೇ ಮಣ್ಣ ಉದರಾಕತ್ತೈತಿ, ಇನ್ನ ನೀ ಕಾಲ ಇಡೋದ ಬ್ಯಾರೆ ಬೇಕೇನು?"

ರಮಜಾನಬಿ ನಗುತ್ತಾರೆ. ವಯಸ್ಸು ಐವತ್ತೆಂಟು. ಬಸವ ಜಯಂತಿ ಕಳೆದ ಮೇಲೆ, ಮಳೆ ಹಿಡಿಯುವ ಮುನ್ನ, ಈ ಸಾಲಿನ ಪ್ರತಿಯೊಂದು ಮಾಳಿಗೆಗೂ ಹೊಸ ಮಣ್ಣು ಹೊದಿಸುವುದು ಅವರ ಕೆಲಸ. ಮನೆಗಳ ನಡುವೆ ಗೋಡೆಗಳು ಒಂದೇ ಆದ್ದರಿಂದ ಮಾಳಿಗೆಗಳೂ ಒಂದಕ್ಕೊಂದು ಕೂಡಿಕೊಂಡಿವೆ. ಮೊದಲ ಮನೆಯಲ್ಲಿ ಹತ್ತಿದವರು ಕಾಲು ಕೆಳಗಿಡದೆ ಕೊನೆಯ ಮನೆಯಲ್ಲಿ ಇಳಿಯಬಹುದು. ಓಣಿಯ ಮೇಲೊಂದು ಓಣಿ. ಅದರಲ್ಲಿ ಈಗ ನಡೆಯುವವರು ರಮಜಾನಬಿ ಒಬ್ಬರೇ.

ಹಿಂದೆ ಹಾಗಿರಲಿಲ್ಲ. ಓಣಿಯ ಬಾಯಲ್ಲಿ ನಿಂತಿರುವ ಎರಡು ಕಲ್ಲುಕಂಬಗಳ ನಡುವೆ ಒಂದು ಬಾಗಿಲಿತ್ತೆಂದೂ, ಕಳ್ಳಕಾಕರ ಭಯವಿದ್ದ ಕಾಲದಲ್ಲಿ ದೀಪ ಹಚ್ಚುವ ಹೊತ್ತಿಗೆ ಅದಕ್ಕೆ ಅಗುಳಿ ಬೀಳುತ್ತಿತ್ತೆಂದೂ ಹಿರಿಯರು ಹೇಳುತ್ತಾರೆ. ಅಗುಳಿ ಬಿದ್ದ ಮೇಲೆ ಓಣಿಯ ಸಂಸಾರವೆಲ್ಲ ಮಾಳಿಗೆಗೆ ಏರುತ್ತಿತ್ತು. ಸೂಲಗಿತ್ತಿ ಮೇಲಿನಿಂದಲೇ ಬರುತ್ತಿದ್ದಳು. ಹೆಪ್ಪಿಗೆ ಮಜ್ಜಿಗೆ, ಒಲೆಗೆ ಕೆಂಡ, ಕೂಸು ಹುಟ್ಟಿದ ಸುದ್ದಿ, ಎಲ್ಲವೂ ಬೆಳಕಿಂಡಿಯಿಂದ ಇಳಿಯುತ್ತಿದ್ದವು. ಬಾಗಿಲು ಹೋಗಿ ಎಷ್ಟೋ ಕಾಲವಾಗಿದೆ. ಅಗುಳಿ ಸೇರುತ್ತಿದ್ದ ತೂತು ಮಾತ್ರ ಕಂಬದಲ್ಲಿ ಉಳಿದಿದೆ. ಹಾಲಿನವನು ಗುರುಲಿಂಗಪ್ಪನವರ ಹಾಲಿನ ಪಾಕೀಟನ್ನು ಅದರಲ್ಲಿ ಸಿಗಿಸಿ ಹೋಗುತ್ತಾನೆ.

ಓಣಿ ಮೂಡಣದಿಂದ ಪಡುವಣಕ್ಕೆ ಇಳಿಜಾರು. ಮೇಲಿನ ನಾಲ್ಕು ಮನೆಗಳ ಮಳೆನೀರು ಐದನೆಯ ಮನೆಯ ಮಾಳಿಗೆಯನ್ನು ಹಾದು, ಆರನೆಯ ಮನೆಯ ಮೂಲೆಯಲ್ಲಿರುವ ಕಲ್ಲಿನ ಬಾಯಿಂದ ಓಣಿಗೆ ಬೀಳುವಂತೆ ಕಟ್ಟಿದ್ದಾರೆ. ಕಟ್ಟಿದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಐದನೆಯ ಮನೆ ಗೊಳಸಂಗಿಯವರದು. ಹೆಸರಿನ ಊರನ್ನು ಬಿಟ್ಟು ಅವರ ಹಿರಿಯರು ಇಲ್ಲಿಗೆ ಬಂದು ನಾಲ್ಕು ತಲೆಮಾರಾಗಿದೆ. ಮನೆ ಈಗ ಅಣ್ಣ ಬಸಂತರಾಯ, ತಮ್ಮ ವಿಠ್ಠಲ ಇಬ್ಬರಲ್ಲಿ ಹಂಚಿಹೋಗಿದೆ. ಪಡುವಣ ದಿಕ್ಕಿನ ತನ್ನ ಪಾಲಿನ ಮಾಳಿಗೆಯನ್ನು ಕಿತ್ತು ಸ್ಲ್ಯಾಬ್ ಹಾಕಿಸುವುದೆಂದು ವಿಠ್ಠಲ ಈ ವರ್ಷ ನಿರ್ಧರಿಸಿದ್ದಾರೆ. ಗುತ್ತಿಗೆದಾರ ಗುರುವಾರ ಬರುತ್ತಾನೆ.

ಸ್ಲ್ಯಾಬು ಈಗಿನ ಮಾಳಿಗೆಗಿಂತ ಎರಡು ಮೊಳ ಎತ್ತರಕ್ಕೆ ಏಳುತ್ತದೆ. ರಮಜಾನಬಿಯ ದಾರಿ ಅಲ್ಲಿಗೆ ತುಂಡಾಗುತ್ತದೆ; ಮೇಲಿನ ಮನೆಗಳ ನೀರೂ ಅಲ್ಲಿಗೆ ನಿಲ್ಲುತ್ತದೆ.

"ನೀರ ನಿಂತ್ರ ಮಣ್ಣಿನ ಮಾಳಿಗಿ ಬಾಳಂಗಿಲ್ರಿ" ಎನ್ನುತ್ತಾರೆ ರಮಜಾನಬಿ. "ಮದಲ ಆ ನಾಕ ಮನಿ ಸ್ಲ್ಯಾಬ್ ಹಾಕಸ್ತಾವು. ಅವನ್ನ ನೋಡಿ ಉಳದವೂ ಹಾಕಸ್ತಾವು. ಆಮ್ಯಾಲ ನಾ ಎಲ್ಲಿ ನಡೀಲಿ? ಕೆಳಗ ನಡದ್ರ ನನಗ ಓಣಿ ಗುರ್ತನ ಹತ್ತಂಗಿಲ್ಲ."

ಕೆಳಗೆ, ಟಂಟಂ ಗಾಡಿಯ ಬಳಿ, ಅವರ ಗಂಡ ಶಮಶುದ್ದೀನ ಬುಟ್ಟಿಗೆ ಮಣ್ಣು ತುಂಬುತ್ತಿದ್ದಾರೆ. ಕನ್ನೊಳ್ಳಿಯ ದಾರಿಯ ಹಾಳು ದಿನ್ನೆಯಿಂದ ತಂದ ಬಿಳಿ ಮಣ್ಣು ಅದು. ಹೊಟ್ಟು ಕಲಸಿ, ನೀರು ಚಿಮುಕಿಸಿ, ಹರಡಿ, ಮರದ ಕೊಡತಿಯಿಂದ ಬಡಿದು ಕೂಡಿಸಬೇಕು. ಮೇಲೆ ಒಂದು ಪದರ ಉಪ್ಪುಪ್ಪಾದ ಸವುಳು ಮಣ್ಣು ಎರಚಿದರೆ ಹುಲ್ಲು ಹುಟ್ಟುವುದಿಲ್ಲ. ಎರಡು ಕಂಬಸಾಲಿನ ನಡುವಣ ಜಾಗಕ್ಕೆ ಇಲ್ಲಿ ಅಂಕಣವೆನ್ನುತ್ತಾರೆ. ಒಂದು ಅಂಕಣಕ್ಕೆ ಒಂಬತ್ತು ಬುಟ್ಟಿ ಮಣ್ಣು ಬೇಕು. ಕೂಲಿಯೂ ಅಂಕಣದ ಲೆಕ್ಕದಲ್ಲೇ. ಬುಟ್ಟಿಗೆ ಹಗ್ಗ ಕಟ್ಟುವವರೆಗೆ ಶಮಶುದ್ದೀನರ ಕೆಲಸ. ಹಗ್ಗ ಎಳೆದಲ್ಲಿಂದ ಮುಂದೆ ರಮಜಾನಬಿಯದು. ಹೆಂಡತಿ ಮೇಲೆ, ಗಂಡ ಕೆಳಗೆ ಏಕೆಂದು ಕೇಳಿದವರಿಗೆಲ್ಲ ಉತ್ತರ ಒಂದೇ.

"ನಾ ಲಗ್ನ ಆಗಿ ಬಂದ ಮದಲನೇ ಬ್ಯಾಸಗಿಗೆ ನಮ್ಮ ಮಾವನಾರು ಇವರನ್ನ ಮ್ಯಾಲ ಹತ್ತಿಸಿದ್ರು. ಇವ್ರಿಗೆ ತಲಿ ತಿರಗಿತು. ಬೆಳಕಿಂಡಿ ಕಟ್ಟಿ ಹಿಡಕೊಂಡು, ಕಣ್ಣ ಮುಚ್ಚಿ ಕುಂತಬಿಟ್ರು. ಇಳಸಾಕ ಮೂರ ಮಂದಿ ಬೇಕಾತು."

"ನಾಕ ಮಂದಿ!" ಎಂದು ಕೆಳಗಿನಿಂದ ಶಮಶುದ್ದೀನ ಕೂಗುತ್ತಾರೆ. "ಹೇಳೋದಿದ್ರ ಖರೆ ಹೇಳು!"

ಬುತ್ತಿ ತಂದಿದ್ದ ಸೊಸೆ ಅಂದು ಸರಸರನೆ ನಿಚ್ಚಣಿಕೆ ಹತ್ತಿ ಗಂಡನನ್ನು ಸಮಾಧಾನಪಡಿಸಿದ್ದನ್ನು ಮಾವ ನೋಡಿದರು. ಮರುದಿನ ಕೊಡತಿ ಸೊಸೆಯ ಕೈಗೆ ಬಂತು. ಹೆಂಗಸು ಮಾಳಿಗೆ ಏರುವುದೇ ಎಂದು ಓಣಿ ನಕ್ಕಿತು, ಗುಸುಗುಟ್ಟಿತು. ಆ ವರ್ಷದ ಮಳೆಗೆ ಒಂದು ಮನೆಯೂ ಸೋರಲಿಲ್ಲ. ಮಾತು ಅಲ್ಲಿಗೆ ಮುಗಿಯಿತು.

ಕೂಲಿಯ ಹೊರತಾಗಿ ಈ ಕೆಲಸಕ್ಕೆ ಇನ್ನೊಂದು ರೂಢಿಯಿದೆ. ಯಾವ ಮಾಳಿಗೆ ಮುಗಿಯಿತೋ ಆ ಮನೆಯಿಂದ ಅಂದಿನ ಊಟ. ಅದನ್ನು ಬಾಗಿಲಲ್ಲಿ ಕೊಡುವಂತಿಲ್ಲ. ರಮಜಾನಬಿ ಬೆಳಕಿಂಡಿಯಿಂದ ಹಗ್ಗ ಇಳಿಬಿಡುತ್ತಾರೆ, ಕೆಳಗಿನವರು ಗಂಟು ಕಟ್ಟುತ್ತಾರೆ, ಊಟ ಮೇಲೇರುತ್ತದೆ. ತಾವು ಮುಗಿಸಿದ ಮಾಳಿಗೆಯ ಮೇಲೆ ಕುಳಿತೇ ಅವರು ಉಣ್ಣಬೇಕು. ಮಾವನ ಕಾಲದಲ್ಲಿ ಕೆಲವು ಮನೆಗಳಿಂದ ಎಲೆಯಲ್ಲಿ ಬರುತ್ತಿತ್ತು. ಈಗ ಎಲ್ಲ ಮನೆಗಳಿಂದಲೂ ಸ್ಟೀಲಿನ ಡಬ್ಬಿಯಲ್ಲಿ ಬರುತ್ತದೆ.

ಗೊಳಸಂಗಿಯವರ ಮನೆ ಹಂಚಿದ ವರ್ಷ ಈ ರೂಢಿಗೆ ತೊಡಕಾಯಿತು. ಮಾಳಿಗೆ ಒಂದು, ಒಲೆ ಎರಡು. ಊಟ ಒಂದೋ, ಎರಡೋ? ರಮಜಾನಬಿ ತೀರ್ಪು ಕೊಟ್ಟರು: ಮಾಳಿಗೆ ಒಂದಾದ್ದರಿಂದ ಊಟ ಒಂದೇ, ಒಂದು ಒಲೆಯಿಂದ ರೊಟ್ಟಿ, ಇನ್ನೊಂದರಿಂದ ಪಲ್ಯ. ಮಾತುಬಿಟ್ಟಿದ್ದ ವಾರಗಿತ್ತಿಯರಿಬ್ಬರಿಗೂ, ಬಸಂತರಾಯರ ಹೆಂಡತಿ ಮಂಜರಿಗೂ ವಿಠ್ಠಲರ ಹೆಂಡತಿ ಕಾವೇರಿಗೂ, ಇದರಿಂದ ಪೇಚಾಟವಾಯಿತು. ಒಬ್ಬರನ್ನೊಬ್ಬರು ಕೇಳದೆ ಮಾಡಿದ್ದರಿಂದ ಮೊದಲ ವರ್ಷ ಎರಡೂ ಒಲೆಗಳಿಂದ ಪಲ್ಯವೇ ಬಂತು.

"ಎರಡು ಥರದ ಬದನಿಕಾಯಿ!" ರಮಜಾನಬಿ ಇಂದಿಗೂ ನೆನೆಸಿ ನಗುತ್ತಾರೆ. "ರೊಟ್ಟಿ ಒಂದೂ ಇಲ್ಲ. ನಾ ಬೆಳಕಿಂಡ್ಯಾಗ ಬಗ್ಗಿ, 'ಬಾಯಾರ, ಬದನಿಕಾಯಿ ಜೋಡಿ ಬದನಿಕಾಯಿ ಹಚ್ಚಿ ಉಣ್ಣಲೇನ್ರೀ' ಅಂದೆ. ಇಬ್ಬರೂ ನಕ್ಕಬಿಟ್ರು. ಆವಾಗಿಂದ ವರ್ಷಕ್ಕ ಒಂದ ದಿನ ಆದರೂ ಇಬ್ಬರೂ ಕೇಳಿಕೊಂಡ ಅಡಗಿ ಮಾಡತಾರ."

ಒಂದು ದಿನದ ಆ ಮಾತು ಮುಂದೆ ವಾರಕ್ಕೊಂದಾಯಿತು. ಗಂಡಂದಿರು ಮಾತ್ರ ಓಣಿಯಲ್ಲಿ ಎದುರಾದರೆ ಈಗಲೂ ಕಂಬ ನೋಡುತ್ತಾರೆ.

ಮೇಲಿನ ನಾಲ್ಕು ಮನೆಗಳ ಕೆಲಸ ಹಿಂದಿನ ದಿನಗಳಲ್ಲೇ ಮುಗಿದಿದೆ; ಇಂದು ಸರದಿ ಐದನೆಯ ಮನೆಯದು. ಮಣ್ಣು ಹದವಾಗುವಾಗ ಬಿಸಿಲು ಏರಿದೆ. ವಿಠ್ಠಲರು ಮೊದಲೇ ಹೇಳಿಕಳಿಸಿದ್ದಾರೆ: ತನ್ನ ಪಾಲಿಗೆ ಮಣ್ಣು ಬೇಡ. ರಮಜಾನಬಿ ಮಾಳಿಗೆಯನ್ನು ಎಣಿಸುತ್ತಾರೆ. ಏಳು ಅಂಕಣ. ಪಡುವಣದ ಮೂರನ್ನು ಬಿಟ್ಟು ಮೂಡಣದ ನಾಲ್ಕಕ್ಕೆ ಮಣ್ಣು ಹರಡುತ್ತಾರೆ. ಏಳನ್ನು ಎರಡರಿಂದ ಭಾಗಿಸಿದರೆ ಒಂದು ಶೇಷ ಉಳಿಯುತ್ತದೆ. ಉಳಿದ ನಡುವಣ ಅಂಕಣ ಅಣ್ಣನದೆಂದು ಅವರ ಎಣಿಕೆ. ಕೊಡತಿ ಮೇಲೇರಿ ಇಳಿಯುತ್ತದೆ. ನಡುವಣ ಅಂಕಣದ ಹಿಂಭಾಗಕ್ಕೆ ನಾಲ್ಕನೆಯ ಏಟು ಬೀಳುತ್ತಲೇ ಕೆಳಗಿನಿಂದ ಕಾವೇರಿಯ ಕೂಗು ಏಳುತ್ತದೆ.

"ಅಯ್ಯ, ರಮಜಾನಬೀ! ನಿಂದರಸಽ! ನನ್ನ ಹಿಟ್ಟು!"

ತಮ್ಮ ಮೇಲೆ ಯಾರೂ ಬರುವುದಿಲ್ಲವೆಂದು ಕಾವೇರಿ ಈ ವರ್ಷ ಹಿಟ್ಟು ನಾದುವ ಪರಾತ ಮುಚ್ಚಿರಲಿಲ್ಲ. ನಾದಿಟ್ಟ ಜೋಳದ ಹಿಟ್ಟಿನ ಮೇಲೆ ಒಂದು ಬೊಗಸೆ ಮಣ್ಣು ಬಿದ್ದಿದೆ.

ರಮಜಾನಬಿ ಕೊಡತಿ ಕೆಳಗಿಟ್ಟು ಕಿಂಡಿಯಲ್ಲಿ ಬಗ್ಗುತ್ತಾರೆ. "ತಪ್ಪಾತ್ರೀ ಬಾಯಾರ. ನಿಮ್ಮ ಒಲಿ ಇಲ್ಲಿತನಕ ಬಂದೈತೇನ್ರೀ? ನನಗ ಮ್ಯಾಲಿಂದ ತಿಳೀಲಿಲ್ಲ."

"ತಿಳೀಲಿಲ್ಲಂದ್ರ? ಇಷ್ಟ ವರ್ಷ ಆತು!"

"ಇಷ್ಟ ವರ್ಷ ನಾ ಎಲ್ಲಾನೂ ಬಡದೇನ್ರಿ. ಅರ್ಧ ಬಡೀ ಅಂತ ಯಾರೂ ಹೇಳಿದ್ದಿಲ್ಲ."

ವಿಠ್ಠಲರು ಹೊರಗೆ ಬಂದು ನಿಚ್ಚಣಿಕೆ ಹತ್ತುತ್ತಾರೆ. ತಾಲೂಕು ಕಚೇರಿಯ ಗುಮಾಸ್ತರು. ಇಸ್ತ್ರಿ ಮಾಡಿದ ಅಂಗಿ. "ತಡಿ, ಗಡಿ ಎಲ್ಲದ ನಾ ತೋರಸ್ತೀನಿ" ಎನ್ನುತ್ತಾರೆ. ಮಾಳಿಗೆ ಏರಿ ನಾಲ್ಕು ಹೆಜ್ಜೆ ಇಟ್ಟು ನಿಲ್ಲುತ್ತಾರೆ. ಹುಡುಗನಾಗಿದ್ದಾಗ ಗಾಳಿಪಟ ಹಿಡಿದು ಓಡಿದ ಜಾಗ ಅದು. ಮೇಲೆ ಗೋಡೆಯಿಲ್ಲ, ಗೆರೆಯಿಲ್ಲ. ಎತ್ತ ನೋಡಿದರೂ ಒಂದೇ ಮಣ್ಣು.

"ಇಲ್ಲಿಂದ ನಂದು" ಎಂದು ಕೊನೆಗೊಮ್ಮೆ ಕಾಲಿನಿಂದ ಗೀರುತ್ತಾರೆ.

"ಅಲ್ಲಿ ನನ್ನ ದೇವರ ಮನಿ ಅದ" ಎಂಬ ಮಾತು ಹಿಂದಿನಿಂದ ಬರುತ್ತದೆ. ಗದ್ದಲ ಕೇಳಿ ಬಸಂತರಾಯರು ಹಿತ್ತಿಲ ಕಡೆಯಿಂದ ಹತ್ತಿ ಬಂದಿದ್ದಾರೆ. ಏದುಸಿರು ಬಿಡುತ್ತಿದ್ದಾರೆ. "ದೇವರನ್ನೂ ಕಿತ್ತಿ ಸ್ಲ್ಯಾಬಿಗೆ ಹಾಕ್ತೀಯೇನು?"

ಮನೆ ಹಂಚಿದ ಮೇಲಿನ ಹನ್ನೆರಡು ವರ್ಷಗಳಲ್ಲಿ ಅಣ್ಣ ತಮ್ಮನೊಡನೆ ಆಡಿದ ಮೊದಲ ಮಾತು ಅದು.

ಇಬ್ಬರ ನಡುವೆ ನಿಂತ ರಮಜಾನಬಿ ಕೊಡತಿಯಿಂದ ಮೆಲ್ಲಗೆ ಒಮ್ಮೆ ಬಡಿದು, ಕಿಂಡಿಯಲ್ಲಿ ಕೂಗುತ್ತಾರೆ: "ದೊಡ್ಡ ಬಾಯಾರ! ಈ ಸಪ್ಪಳ ಯಾರ ಮನ್ಯಾಗ ಕೇಳತೈತ್ರಿ?"

ಕೆಳಗೆ ಇಬ್ಬರ ತಾಯಿ ಭಾಗೀರಥೀಬಾಯಿ ಇದ್ದಾರೆ. ಎಂಬತ್ತನ್ನು ದಾಟಿದ ಜೀವ. ದನಿ ಮಾತ್ರ ಗಟ್ಟಿ. ಊರುಗೋಲಿನಿಂದ ಜಂತೆಯನ್ನು ತಟ್ಟುತ್ತಾರೆ. "ಇದು ಮಂಜರಿ ಬಚ್ಚಲು!"

ಎರಡು ಹೆಜ್ಜೆ ಆಚೆ ಇನ್ನೊಂದು ಏಟು. "ಇದು ಕಾವೇರಿ ಒಲಿ! ಮುಂದ ನಡೀ!"

ಇನ್ನೊಂದು ಏಟು. "ಇದು ನನ್ನ ಹಾಸಿಗಿ. ಮೆಲ್ಲಕ ಬಡಿಯೇ, ಮಣ್ಣು ಬಾಯಾಗ ಬಿತ್ತು!"

ಏಟಿಗೊಂದು ಉತ್ತರ. ಉತ್ತರ ಬಂದಲ್ಲೆಲ್ಲ ರಮಜಾನಬಿ ಒಂದು ಚಿಟಿಕೆ ಸವುಳು ಮಣ್ಣು ಇಡುತ್ತಾರೆ. ಓಣಿಯ ಬೇರೆ ಮಾಳಿಗೆಗಳ ಮೇಲೂ ತಲೆಗಳು ಏಳುತ್ತವೆ. "ಮ್ಯಾಲ ಹತ್ತ್ರಲೇ, ಹತ್ತ್ರಿ! ಗೊಳಸಂಗ್ಯಾರ ಮಾಳಿಗಿ ಮ್ಯಾಲ ರಂಗೋಲಿ ಹಾಕಾಕತ್ತಾರ!" ಎಂದು ಚನ್ನವ್ವ ನೆರೆಯವರನ್ನೆಲ್ಲ ಕರೆಯುತ್ತಾಳೆ.

ರಂಗೋಲಿ ಮುಗಿಯಿತು. ಗಡಿ ನೆಟ್ಟಗಿಲ್ಲ. ನಡುವಣ ಅಂಕಣದಲ್ಲಿ ಅದು ಹಾವಿನಂತೆ ಹೊರಳಿ, ಮುಂಭಾಗವನ್ನು ಅಣ್ಣನಿಗೂ ಹಿಂಭಾಗವನ್ನು ತಮ್ಮನಿಗೂ ಕೊಟ್ಟಿದೆ. ಆ ಅಂಕಣವನ್ನು ಹೊತ್ತಿರುವ ತೊಲೆ ಒಂದೇ. ಗಡಿ ಅದರ ಹೊಟ್ಟೆಯ ಮೇಲೆ ಹಾದಿದೆ. ಮನೆ ಹಂಚುವಾಗ ಕೆಳಗೆ ಎಬ್ಬಿಸಿದ ಗೋಡೆ ಬರೀ ಮರೆಗಾಗಿ ಕಟ್ಟಿದ್ದು. ಅದು ಯಾವ ಭಾರವನ್ನೂ ಹೊರುವುದಿಲ್ಲ.

ವಿಠ್ಠಲರು ಗಡಿಯುದ್ದಕ್ಕೂ ನಡೆದು ನೋಡುತ್ತಾರೆ. ಲೆಕ್ಕ ಅವರೇ ಹಾಕುತ್ತಾರೆ. "ಹಂಗಂದ್ರ... ನಂದು ಕೀಳಬೇಕಾದ್ರ ಈ ತೊಲಿ ನಡಬರಕ ಕಡೀಬೇಕು."

"ಕಡಿ" ಎನ್ನುತ್ತಾರೆ ಬಸಂತರಾಯ. "ನಿನಗ ಸ್ಲ್ಯಾಬ್ ಆಗತದ, ನನಗ ಆಕಾಶ ಆಗತದ."

ತಮ್ಮನಿಗೆ ನಗು ಬರುತ್ತದೆ. ತಡೆದುಕೊಳ್ಳಲು ಕಂಬ ನೋಡಬೇಕು. ಮಾಳಿಗೆಯ ಮೇಲೆ ಕಂಬವಿಲ್ಲ. ನಕ್ಕೇಬಿಡುತ್ತಾರೆ.

ಕಿಂಡಿಯೊಳಗಿಂದ ತಾಯಿಯ ದನಿ ಬರುತ್ತದೆ. "ಎಲ್ಲಾ ಹಂಚಿಕೊಂಡ್ರಿ. ತಾಟು, ತಂಬಿಗಿ, ಬೀಸೂ ಕಲ್ಲು. ಹದಿನೈದು ದಿವಸ ಅಲ್ಲಿ, ಹದಿನೈದು ದಿವಸ ಇಲ್ಲಿ ಅಂತ ನನ್ನೂ ಹಂಚಿಕೊಂಡ್ರಿ. ಮಾಳಿಗಿ ಒಂದು ಮರತ್ರಿ, ಶಾಣ್ಯಾರಾ!"

ಎಲ್ಲರೂ ನಗುತ್ತಿರುವಾಗ ನಗದವರು ಒಬ್ಬರೇ. ಕಾವೇರಿ ಹಿಟ್ಟಿನ ಪರಾತ ಹಿಡಿದು ಅಂಗಳಕ್ಕೆ ಬಂದಿದ್ದಾರೆ. "ನಿಮಗ ನಗಿ. ನನ್ನ ಹಿಟ್ಟಿನಾಗ ಮಣ್ಣು ಬೀಳೂದು ಕಾಯಂ ಏನು? ಹ್ವಾದ ಮಳಿಗಾಲದಾಗ ಒಲಿ ಮ್ಯಾಲ ಚೇಳು ಬಿತ್ತು. ಸ್ಲ್ಯಾಬ್ ಬೇಕಂದಾಕಿ ನಾನ. ಸುಮ್ಮ ಅಂದೇನು?"

ರಮಜಾನಬಿ ಒಪ್ಪಿಕೊಳ್ಳುತ್ತಾರೆ: "ಖರೆ ಐತ್ರಿ. ಮಣ್ಣ ಉದರೋದು ನಾ ನಿಂದ್ರಸಾಕ ಆಗಂಗಿಲ್ಲ. ನನ್ನ ಮನಿ ತಗಡಿನ ಪತ್ರಾಸಿಂದು; ನನ್ನ ಹಿಟ್ಟಿಗೆ ಬೀಳಂಗಿಲ್ಲ, ಹಿಂಗಾಗಿ ನನಗ ಮಾತು ಸಲೀಸು."

ಕಾವೇರಿ ಪರಾತವನ್ನು ನೋಡುತ್ತಾರೆ, ಹಿತ್ತಿಲನ್ನು ನೋಡುತ್ತಾರೆ. ಹಿತ್ತಿಲಲ್ಲಿ ಹಳೆಯ ಕೊಟ್ಟಿಗೆ ಬಿದ್ದ ಜಾಗ ಖಾಲಿಯಿದೆ. ಅದು ಸಾಲಿನಿಂದ ಹೊರಗಿನದು. "ಹಂಗಾರ ಸ್ಲ್ಯಾಬ್ ಅಲ್ಲಿ ಹಾಕಸ್ರಿ" ಎಂದು ಗಂಡನಿಗೆ ಹೇಳುತ್ತಾರೆ. "ಅಡಗಿ ಮನಿ ಅಲ್ಲಿಗೆ ಒಯ್ರಿ. ಇಲ್ಲಿ ಮಲಗೂದು. ಬ್ಯಾಸಗ್ಯಾಗ ಇಲ್ಲೇ ತಂಪದ. ಮಲಗಿದವರ ಮ್ಯಾಲ ಮಣ್ಣು ಬಿದ್ರ ಝಾಡಿಸಿಕೊಂಡು ಮಲಗತಾರ."

"ಯಾರು ಮಲಗೂದು?" ಎಂದು ವಿಠ್ಠಲರು ಕೇಳುತ್ತಾರೆ.

"ನೀವ!"

ಅಂದು ರೊಟ್ಟಿಯಿಲ್ಲ, ಹಿಟ್ಟು ಚೆಲ್ಲಿಹೋಗಿದೆ. ಮಾಳಿಗೆಯೂ ಪೂರ್ತಿಯಾಗಿಲ್ಲ, ಊಟದ ಮಾತಿಲ್ಲ. ಗುರುವಾರ ಗುತ್ತಿಗೆದಾರ ಬಂದು ಹಿತ್ತಿಲನ್ನು ಅಳೆದು ಹೋಗುತ್ತಾನೆ. ಮರುದಿನ ಶುಕ್ರವಾರ ರಮಜಾನಬಿ ಉಳಿದ ಮೂರು ಅಂಕಣಗಳಿಗೆ ಮಣ್ಣು ಹೊದಿಸುತ್ತಾರೆ. ಮೇಲೆ ಬುಟ್ಟಿ ಎಳೆಯಲು ಅಂದು ಇಬ್ಬರು ಬಿಟ್ಟಿ ಆಳುಗಳು: ಒಬ್ಬರು ಅಣ್ಣ, ಒಬ್ಬರು ತಮ್ಮ. ಒಬ್ಬರೆಳೆದರೆ ಇನ್ನೊಬ್ಬರು ಬಿಡುತ್ತಾರೆ. ಎರಡು ಬುಟ್ಟಿ ಮಣ್ಣು ಶಮಶುದ್ದೀನರ ತಲೆಯ ಮೇಲೆ ಬೀಳುತ್ತದೆ.

"ಇಬ್ಬರನೂ ಇಳಸಽ!" ಎಂದು ಅವರು ಕೂಗುತ್ತಾರೆ. "ನಾನ ಮ್ಯಾಲ ಬರತೇನಿ!"

ಹಗ್ಗ ಬೆಳಕಿಂಡಿಯೊಳಗೆ ಇಳಿಯುತ್ತದೆ. ಮೇಲೇರಿದ ಗಂಟಿನಲ್ಲಿ ರೊಟ್ಟಿಯೂ ಇಲ್ಲ, ಪಲ್ಯವೂ ಇಲ್ಲ. ಅಂದು ಏಕಾದಶಿ. ಒಂದು ಒಲೆಯಿಂದ ಸಾಬೂದಾಣಿ ಖಿಚಡಿ, ಇನ್ನೊಂದರಿಂದ ಮೊಸರು. ರಮಜಾನಬಿ ಸಂತೋಷದಿಂದ ತಿನ್ನುತ್ತಾರೆ, ಬೆರಳು ನೆಕ್ಕುತ್ತಾರೆ. ಆಮೇಲೆ ಕಿಂಡಿಯಲ್ಲಿ ಬಗ್ಗಿ ತೀರ್ಪು ಕೊಡುತ್ತಾರೆ: "ರುಚಿ ಬಾಳ ಚಲೋ ಐತ್ರಿ ಬಾಯಾರ. ಆದ್ರ ಇದು ಉಪಾಸ, ಊಟ ಅಲ್ಲ. ಊಟ ಬಾಕಿ ಉಳೀತು."

ಜೂನ್ ಮೊದಲ ವಾರ ಮಳೆ ಬರುತ್ತದೆ. ರಮಜಾನಬಿ ಓಣಿಯಲ್ಲಿ ಕೊಡೆಯಿಲ್ಲದೆ ನಿಂತು ಆರನೆಯ ಮನೆಯ ಮೂಲೆಯನ್ನು ನೋಡುತ್ತಾರೆ. ಮೊದಲು ಹನಿ, ಆಮೇಲೆ ಎಳೆ, ಆಮೇಲೆ ಮೇಲಿನ ನಾಲ್ಕು ಮನೆಗಳ ನೀರು ಐದನೆಯದನ್ನು ಹಾದು ಬಂದು ಕಲ್ಲಿನ ಬಾಯಿಂದ ಧಾರೆಯಾಗಿ ಬೀಳುತ್ತದೆ. ಅವರು ಅದರ ಕೆಳಗೆ ಅಂಗೈ ಒಡ್ಡುತ್ತಾರೆ. ನೀರು ತಿಳಿಯಾಗಿದೆ, ಮಣ್ಣಿನ ಬಣ್ಣವಿಲ್ಲ.

"ತಿಳಿ ನೀರು ಬಂದ್ರ ಮಣ್ಣ ಕೂತೈತಿ ಅಂತ ಅರ್ಥ" ಎನ್ನುತ್ತಾರೆ. "ನಮ್ಮ ಮಾವನಾರು ಇದನ್ನ ನೋಡೇ ಮನೀಗೆ ಹೋಗತಿದ್ರು. ನಾನೂ ಅಷ್ಟ."

ಸೆರಗು ಹಿಂಡಿಕೊಂಡು ಹೊರಟವರಿಗೆ ಕಾವೇರಿ ಅಡ್ಡ ಬರುತ್ತಾರೆ. ತಲೆಯ ಮೇಲೆ ಗೋಣಿಯ ಕೊಪ್ಪೆ, ಕೈಯಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಬಿಸಿ ರೊಟ್ಟಿ. ಹಿತ್ತಿಲ ಅಡಿಗೆಮನೆಗೆ ಇನ್ನೂ ಗೋಡೆಯಷ್ಟೇ ಎದ್ದಿದೆ; ರೊಟ್ಟಿ ಹಳೆಯ ಒಲೆಯದೇ.

"ತಗೋ ರಮಜಾನಬಿ. ನಿಂದು ಬಾಕಿ ಅದ ಅಂತ ನಮ್ಮ ಅತ್ತಿ ದಿನಾ ನೆನಪ ಮಾಡ್ಲಿಕ್ಕತ್ತಾರ. ಮಂಜರಿ ಪಲ್ಯಾ ಹಿಂದ ಬರ್ಲಿಕ್ಕತ್ತದ."

ರಮಜಾನಬಿ ರೊಟ್ಟಿಯ ಬಿಸಿಯನ್ನು ಬಟ್ಟೆಯ ಮೇಲೆಯೇ ಮುಟ್ಟಿ ನೋಡಿ, ಕೈ ಹಿಂದೆ ತೆಗೆದುಕೊಳ್ಳುತ್ತಾರೆ.

"ಕೆಳಗ ಕೊಟ್ಟದ್ದು ರೂಢಿಗೆ ಬರಂಗಿಲ್ರಿ. ಮಾಳಿಗಿ ಮ್ಯಾಲ ಬರಬೇಕು. ಮುಂದಿನ ವರ್ಷ ಕೊಡ್ರಿ."

"ಹಂಗಾರ ಮುಂದಿನ ವರ್ಷ ಎರಡೂ ವರ್ಷದ್ದು ಕೂಡಿಸಿ ಕೊಡಲೇನು?"

ರಮಜಾನಬಿ ತಲೆಯೆತ್ತಿ ಮಾಳಿಗೆಯ ಅಂಚನ್ನು, ಒಂದನೆಯ ಮನೆಯಿಂದ ಹನ್ನೊಂದನೆಯದರವರೆಗೆ, ಒಮ್ಮೆ ನೋಡುತ್ತಾರೆ.

"ಒಂದ ವರ್ಷದ್ದ ಕೊಡ್ರಿ, ಬಾಯಾರ" ಎನ್ನುತ್ತಾರೆ. "ಒಂದು ಬಾಕಿ ಇರಲಿ."